ಬದನೆಕಾಯಿ ಬಣ್ಣದ ಜಂಪರ್ ಪೀಸ್

ವಾಯ್ಸ್ ನೋಟ್, ದಾವಣಗೆರೆ
10 ನವೆಂಬರ್ 2025, ಸೋಮವಾರ ಬೆಳಗ್ಗೆ

ಸ್ನೇಹಾ, ನಾನವ್ವ, ವಾಮದೇವ ಮಾವ. ಹರಿಹರ ಮುಟ್ಟಿದ್ವಿ ಅಂತ ನಿನ್ನ ಗಂಡ ಕಿರಣ ಮೆಸೇಜ್ ಹಾಕಿದ್ದ. ನೀನು ಫೋನ್ ಎತ್ತಲ್ಲ, ನನ್ನ ದಪ್ಪ ಬೆರಳಿಗೆ ಆ ಸಣ್ಣ ಅಕ್ಷರ ಸಿಗಲ್ಲ. ಅದ್ಕೇ ಹಿಂಗೆ ಮಾತಾಡಿ ಕಳಿಸ್ತೀನಿ, ಕಾಲು ಚಾಚಿ ಕುಂತು ಕೇಳು.

ನಿನ್ನೆ ನಿನ್ನ ಕುಬುಸದ ಕಾರ್ಯ ಚೆಂದಾಗಿ ಆತಲ್ಲವಾ? ಏಳು ತಿಂಗಳ ಬಸುರಿ ಹಸಿರು ಸೀರೆ ಉಟ್ಟು ಕುಂತಿದ್ರೆ ನಮ್ಮ ಪಡಸಾಲೆಗೇ ಒಂದು ಕಳೆ. ಆ ಜಂಪರ್ ನೋಡಿದ್ರಾ ಅಂತ ನಿಮ್ಮ ಹರಿಹರದ ಅತ್ತಿಯೋರು ಎಷ್ಟು ಸಲ ಕೇಳಿದ್ರು! ಚೌಕಿಪೇಟ್ಯಾಗೆ ಇಪ್ಪತ್ನಾಲ್ಕು ವರ್ಷದಿಂದ ಮ್ಯಾಚಿಂಗ್ ಸೆಂಟರ್ ಇಟ್ಕೊಂಡೋನು ನಾನು, ಸೋದರ ಸೊಸಿ ಸೀರೆಗೆ ಹೊಂದೋ ಜಂಪರ್ ಪೀಸ್ ಹುಡುಕದೆ ಇರ್ತೀನಾ? ನಾಲ್ಕು ಹಸಿರು ಬಾಗಿಲ ಬೆಳಕಿಗೆ ಹಿಡಿದು ಮೂರು ಒಗೆದೆ.

ನಿಮ್ಮವ್ವ ಇರಬೇಕಿತ್ತು. ತೀರಿಕೊಂಡು ನಾಲ್ಕು ವರ್ಷ ಆತು, ಇನ್ನೂ ಹಬ್ಬಕ್ಕೆ ಒಂದು ಎಲೆ ಜಾಸ್ತಿ ಹಾಕ್ತೀನಿ. ಇದ್ದಿದ್ರೂ ಉಂಡು ಹೋಗ್ತಿದ್ಲೋ ಇಲ್ವೋ, ಬಿಡು. ನನ್ನ ಮದುವ್ಯಾಗೆ ಕಳಸ ಹಿಡಿದು, ಅಕ್ಷತೆ ಬಿದ್ದಿದ್ದೇ ತಡ ಎದ್ದು ಗಂಡನೂರು ಆನಗೋಡಿಗೆ ಹೋದೋಳು ಅಕ್ಕ. ಒಂದು ತುತ್ತು ಉಣ್ಣಲಿಲ್ಲ. ನಾನು ಕೊಟ್ಟ ಸೀರೆ ಉಟ್ಟಿದ್ಲು, ನಾನು ಕೊಟ್ಟ ಜಂಪರ್ ಹಾಕಿರಲಿಲ್ಲ, ಯಾವ್ದೋ ಹಳೇ ಹಸಿರು ಜಂಪರ್. ಬಣ್ಣ ಹೊಂದಲಿಲ್ಲ ಅಂತ ಮುನಿಸು. ಆ ಅವಮಾನಕ್ಕೇ ಮರುವರ್ಷ ಈ ಅಂಗಡಿ ತೆಗೆದೆ ಅಂದ್ರೆ ನೀನು ನಗ್ತೀಯ.

ಅಂದಂಗೆ ನನ್ನ ಮಗಳು ದಾಕ್ಷಿಗೆ ರಾತ್ರಿಯಿಂದ ಮೈ ಬೆಚ್ಚಗೈತೆ. ನಿನ್ನ ಪಕ್ಕದಾಗೆ ಕುಂತು ಎರಡು ತಾಸು ಬಳೆ ತೊಡಿಸಿದ್ಲಲ್ಲ, ದೃಷ್ಟಿ ತಗುಲ್ತು ಅಂತಾಳೆ ನಿಮ್ಮತ್ತೆ ಆಶಾ. ಇರ್ಲಿ. ನೀನು ಔಷಧ ತಪ್ಪಿಸಬ್ಯಾಡ.


ವಾಯ್ಸ್ ನೋಟ್, ದಾವಣಗೆರೆ
12 ನವೆಂಬರ್, ಬುಧವಾರ ಬೆಳಗ್ಗೆ

ಸ್ನೇಹಾ… ಹೆಂಗೆ ಹೇಳ್ಲಿ. ಎರಡು ಸಲ ರೆಕಾರ್ಡ್ ಮಾಡಿ ಅಳಿಸಿದೆ.

ದಾಕ್ಷಿಗೆ ಅಮ್ಮ ಬಂದಾಳೆ. ನಿನ್ನೆನೇ ಎದೆ ಮ್ಯಾಲೆ ನಾಲ್ಕು ಬೊಬ್ಬೆ ಇದ್ವು. ಮನ್ಯಾಗೆ ಅಮ್ಮ ಇದ್ದಾಗ ಹೊರಗೆ ಹೇಳಬಾರದು ಅಂತ ಆಶಾ ಬಾಯಿಗೆ ಬೆರಳಿಟ್ಲು. ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸಿದ್ಲು, ಒಗ್ಗರಣೆ ನಿಲ್ಲಿಸಿದ್ಲು. ನಾನೂ ಒಂದು ದಿನ ಸುಮ್ಮನಿದ್ದೆ. ಇವತ್ತು ಅಂಗಡಿಗೆ ಬಂದ ನರ್ಸಮ್ಮ ಒಬ್ಬಾಕಿ, ಬೊಬ್ಬೆ ಏಳೋದಕ್ಕೆ ಒಂದೆರಡು ದಿನ ಮುಂಚೇನೇ ಅಂಟುತ್ತೆ, ಬಸುರೇರ ಹತ್ರ ಮಾತ್ರ ಬಿಡಬ್ಯಾಡ್ರಿ ಅಂದ್ಲು. ಗಿರಾಕಿನ ಹಂಗೇ ಬಿಟ್ಟು ಫೋನ್ ತಗೊಂಡೆ.

ನಿನಗೆ ಅಮ್ಮ ಬಂದಿಲ್ಲವ್ವ. ಅದು ನನಗೇ ಗೊತ್ತು. ನೀನು ಮೂರು ವರ್ಷದೋಳಿದ್ದಾಗ ಆನಗೋಡಿನ ನಿಮ್ಮ ಓಣಿ ತುಂಬ ಅಮ್ಮ. ನಾನೇ ಸ್ಕೂಟರ್ ತಂದು ನಿನ್ನ ಮುಂದೆ ನಿಲ್ಲಿಸ್ಕೊಂಡು ದಾವಣಗೆರೆಗೆ ಕರ್ಕೊಂಡು ಬಂದು ಒಂದು ತಿಂಗಳು ಇಟ್ಕೊಂಡಿದ್ದೆ. ಎಷ್ಟು ಮದುವೆ ಮುಂಜ್ಯಾಗೆ ಹೇಳ್ಕೊಂಡು ಓಡಾಡೀನಿ, ಸೊಸಿ ಮೈಮ್ಯಾಲೆ ಒಂದು ಕಲೆ ಇಲ್ಲ, ನಾನು ಕಾಪಾಡಿದ್ದು ಅಂತ! ಅವತ್ತು ಬಂದು ಹೋಗಿದ್ರೆ ಇವತ್ತು ಹೆದರಿಕೆ ಇರ್ತಿರಲಿಲ್ಲವಲ್ಲ?

ಡಾಕ್ಟರಮ್ಮನ ಹತ್ರ ಹೋಗು. ಈಗಲೇ. ಬೈಬೇಕಂದ್ರೆ ಆಮ್ಯಾಲೆ ಬೈ.


ಸಂದೇಶ, ಹರಿಹರ
13 ನವೆಂಬರ್, ಗುರುವಾರ

ಮಾವ,

ನಿನ್ನೆಯಿಡೀ ಉತ್ತರಿಸಲಿಲ್ಲ, ಕೋಪದಿಂದಲ್ಲ. ಆಸ್ಪತ್ರೆಯಲ್ಲಿದ್ದೆ. ಫೋನ್ ಮಾಡಿದರೆ ನೀವು ನನಗೆ ಮಾತಾಡಲು ಬಿಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಡಾಕ್ಟರ್ ಹೇಳಿದ್ದು ಇಷ್ಟು. ಬಸುರಿಗೆ ಈ ತಿಂಗಳುಗಳಲ್ಲಿ ಚಿಕನ್‌ಪಾಕ್ಸ್ ಬಂದರೆ ಶ್ವಾಸಕೋಶಕ್ಕೆ ಇಳಿಯಬಹುದು, ತಾಯಿಯ ಜೀವಕ್ಕೇ ಅಪಾಯ. ಆದರೆ ಒಮ್ಮೆ ಬಂದು ಹೋಗಿದ್ದರೆ ಭಯವಿಲ್ಲ. ನನಗೆ ಬಂದಿತ್ತೇ ಎಂದು ಕೇಳಿದರು. ಇಲ್ಲ, ಮಾವ ಕಾಪಾಡಿದರು ಎಂದೆ. ಅಪ್ಪನಿಗೆ ಫೋನ್ ಮಾಡಿದರೆ "ಅದೆಲ್ಲ ನಿಮ್ಮವ್ವಂಗೇ ಗೊತ್ತು" ಎಂದರು. "ಹಾಗಾದರೆ ನಿನ್ನ ರಕ್ತವನ್ನೇ ಕೇಳೋಣ" ಎಂದು ಡಾಕ್ಟರ್ ನಕ್ಕು ರಕ್ತ ತೆಗೆಸಿದರು.

ಕೊಕ್ಕನೂರಿನ ಶಾಲೆಯಲ್ಲಿ ಪ್ರತಿ ವರ್ಷ ಈ ಪಾಠ ಮಾಡುತ್ತೇನೆ, ಈಗ ಪಾಠವೇ ನಾನಾಗಿದ್ದೇನೆ. ನಮ್ಮ ಮೂಳೆಯ ಮಜ್ಜೆಯಲ್ಲಿ ಬಿ ಕೋಶಗಳೆಂಬ ಬಿಳಿ ರಕ್ತಕಣಗಳು ಹುಟ್ಟುತ್ತವೆ. ಒಂದೊಂದರ ಮೈಮೇಲೂ ಒಂದೊಂದು ಆಕಾರದ ಹಿಡಿ. ಕೋಟ್ಯಂತರ ಆಕಾರಗಳು, ಯಾವ ರೋಗಾಣುವನ್ನೂ ನೋಡುವ ಮೊದಲೇ. ಮುಂದೆ ಯಾವುದಾದರೂ ರೋಗಾಣು ಬಂದಾಗ, ಆ ಕೋಟಿಯಲ್ಲಿ ಎಲ್ಲೋ ಕೆಲವಕ್ಕೆ ಅದು ಹೊಂದುತ್ತದೆ. ಹೊಂದಿದ ಕೋಶ ಮಾತ್ರ ಸಾವಿರಾರಾಗಿ ಬೆಳೆದು, ಅದೇ ಆಕಾರದ ಪ್ರತಿಕಾಯಗಳನ್ನು, ಅಂದರೆ ಆ್ಯಂಟಿಬಾಡಿಗಳನ್ನು, ರಕ್ತಕ್ಕೆ ಸುರಿಯುತ್ತದೆ. ರೋಗ ಹೋದ ಮೇಲೂ ಕೆಲವು ಕೋಶಗಳು ಉಳಿದುಕೊಳ್ಳುತ್ತವೆ. ಆ ಪ್ರತಿಕಾಯ ನನ್ನ ರಕ್ತದಲ್ಲಿದೆಯೇ ಎಂದು ಬೆಂಗಳೂರಿನ ಲ್ಯಾಬ್ ನೋಡುತ್ತದೆ.

ಇಲ್ಲದಿದ್ದರೆ ಒಂದು ಇಂಜೆಕ್ಷನ್ ಇದೆ. ರೋಗ ಬಂದು ಹೋದವರ ರಕ್ತದಿಂದ ತೆಗೆದ ಪ್ರತಿಕಾಯ. ಇಲ್ಲಿ ಸಿಗುವುದಿಲ್ಲ, ತರಿಸಬೇಕು. ಸೋಂಕು ತಗುಲಿದ ಹತ್ತು ದಿನದೊಳಗೆ ಕೊಡಬೇಕು, ಅಂದರೆ ಹತ್ತೊಂಬತ್ತರೊಳಗೆ.

ನೀವೂ ಅತ್ತೆಯೂ ಚಿಕ್ಕಂದಿನಲ್ಲಿ ಪಡೆದವರು, ನಿಮಗೆ ತೊಂದರೆಯಿಲ್ಲ. ದಾಕ್ಷಿಗೆ ಉಗುರು ಕತ್ತರಿಸಿ. ಅವಳು ಅಳುತ್ತಿದ್ದರೆ ನನಗೆ ಅವಳ ಮೇಲೆ ಸಿಟ್ಟಿಲ್ಲ ಎಂದು ಹೇಳಿ.

ಸ್ನೇಹಾ


ವಾಯ್ಸ್ ನೋಟ್, ದಾವಣಗೆರೆ
14 ನವೆಂಬರ್, ಶುಕ್ರವಾರ

ನಿನ್ನ ಮೆಸೇಜ್ ಮೂರು ಸಲ ಓದಿದೆ ಮಾರಾಯ್ತಿ. ಮೊದಲ್ನೇ ಸಲ ಭಯಕ್ಕೆ, ಎರಡ್ನೇ ಸಲ ಅರ್ಥ ಆಗ್ಲಿ ಅಂತ. ಮೂರ್ನೇ ಸಲ, ಸುಳ್ಳು ಯಾಕ ಹೇಳ್ಲಿ, ಖುಷಿಗೆ.

ಯಾಕಂದ್ರೆ ಇದು ನನ್ನ ಅಂಗಡಿನೇ ಅಲ್ಲೇನು? ಗ್ವಾಡಿ ನೋಡು. ಜಂಪರಿಗೆ ಹಾಕೋ ರುಬಿಯಾ ಹತ್ತಿ ಬಟ್ಟೆ, ಸುತ್ತಿಟ್ಟ ತಾನುಗಳು, ಆರುನೂರು ಚಿಲ್ಲರೆ ಶೇಡು. ಯಾವ ಹೆಣ್ಮಗಳು ಯಾವ ಸೀರೆ ತರ್ತಾಳೆ ನನಗೇನು ಗೊತ್ತು? ಗೊತ್ತಿಲ್ಲದೇನೇ ಎಲ್ಲಾ ಬಣ್ಣ ತುಂಬಿಟ್ಟಿರ್ತೀನಿ. ಕೆಲವು ಶೇಡು ಹತ್ತು ವರ್ಷ ಆದ್ರೂ ಯಾರೂ ಕೇಳಿಲ್ಲ, ಸುಮ್ಮನೆ ಧೂಳು ತಿಂತಾ ಕುಂತಾವೆ. ಹೊಸದಾಗಿ ಬಂದೋರು "ಇದ್ಯಾಕ ಇಟ್ಟೀರಿ ಅಣ್ಣಾರ" ಅಂತ ನಗ್ತಾರೆ. ಆದ್ರೆ ಒಂದಿನ ಒಬ್ಬಾಕಿ ಬರ್ತಾಳೆ ನೋಡು, ಎಲ್ಲೂ ಸಿಗದ ಬಣ್ಣದ ಸೀರೆ ಹಿಡ್ಕೊಂಡು… ಬರ್ರಿ ಅಕ್ಕಾರ, ಕೂಡ್ರಿ, ಸೀರೆಗೆ ಫಾಲ್ ಬೇಕೇನ್ರಿ? ಒಂದು ನಿಮಿಷ, ಸೊಸಿ ಜೊತೆ ಮಾತಾಡಕತ್ತೀನಿ… ಹಾಂ, ಆ ಸೀರೆ ಸೆರಗು ಹಿಡಿದು ಗ್ವಾಡಿ ಉದ್ದಕ್ಕೂ ಹೋಗ್ತೀನಿ. ಇದಲ್ಲ, ಇದಲ್ಲ, ಇದೂ ಅಲ್ಲ. ಹೊಂದಿದ ಒಂದು ತಾನು ಕೆಳಗೆ ಇಳಿಯುತ್ತೆ. ಆ ಸೀರೆಗೆ ಗಿರಾಕಿ ಜಾಸ್ತಿ ಆದ್ರೆ ಆ ಶೇಡೇ ಇಪ್ಪತ್ತು ತಾನು ತರಿಸ್ತೀನಿ. ಸೀಸನ್ ಮುಗಿದ ಮ್ಯಾಲೂ ಎರಡು ತಾನು ಮುಂದುಗಡೆ ಶೆಲ್ಫ್‌ನಾಗೆ ಇಟ್ಟಿರ್ತೀನಿ. ಮರುವರ್ಷ ಅದೇ ಸೀರೆ ಬಂದ್ರೆ ಹುಡುಕೋದೇ ಇಲ್ಲ, ಕೈ ತಾನೇ ಹೋಗುತ್ತೆ.

ನಮ್ಮ ಮೂಳ್ಯಾಗೆ ಇಂಥಾ ಅಂಗಡಿ ಇಟ್ಟೋರು ಯಾರವ್ವ? ನಾನು ಇಪ್ಪತ್ನಾಲ್ಕು ವರ್ಷ ಕಣ್ಣು ಕಳ್ಕೊಂಡು ಕಲ್ತಿದ್ದು, ದಾಕ್ಷಿ ಮೈ ಒಂದು ವಾರದಾಗೆ ಮಾಡ್ತೈತೆ. ಬೆಳಗ್ಗೆ ಅವಳು ಮಲಗಿದ್ಲು. ಸುಮ್ಮನೆ ನೋಡ್ತಾ ನಿಂತೆ. ಒಳಗೆ ಎಷ್ಟು ಸೆರಗು ಹಿಡಿದು ಎಷ್ಟು ಗ್ವಾಡಿ ತಿರುಗ್ತಾ ಅದಾವೋ! ಕೈ ಮುಗೀಬೇಕು ಅನ್ನಿಸ್ತು. ಮುಗಿದೆ. ಆಶಾ ನಾನು ಅಮ್ಮಂಗೆ ಮುಗಿದೆ ಅಂದ್ಕೊಂಡ್ಲು.

ಆದ್ರೆ ನಿನ್ನ ಅಂಗಡ್ಯಾಗೆ ಆ ಶೇಡು ಯಾರೂ ಕೇಳಿಲ್ಲ. ನಾನೇ ಕೇಳಗೊಡಲಿಲ್ಲ. ಇಂಜೆಕ್ಷನ್ ತರಿಸಿಬಿಡು ಸ್ನೇಹಾ, ರಿಪೋರ್ಟ್ ಕಾಯಬ್ಯಾಡ.


ಸಂದೇಶ, ಹರಿಹರ
15 ನವೆಂಬರ್, ಶನಿವಾರ

ಮಾವ,

ನಿಮ್ಮ ಅಂಗಡಿಯ ಪಾಠವನ್ನು ಕಿರಣ್‌ಗೂ ಕೇಳಿಸಿದೆ. ಹೆರಿಗೆ ರಜೆ ಮುಗಿದ ಮೇಲೆ ಎಂಟನೇ ತರಗತಿಗೆ ಅದನ್ನೇ ಹೇಳುತ್ತೇನೆ. ಒಂದೆರಡು ಮಾತು ಸೇರಿಸಲೇ?

ನೀವು ಹೊಂದಿದ ತಾನನ್ನು ಟ್ಯೂಬ್‌ಲೈಟಿನಲ್ಲಿ ನಂಬುವುದಿಲ್ಲ, ಬಾಗಿಲ ಬೆಳಕಿಗೆ ತಂದು ಇನ್ನೂ ಹತ್ತಿರದ ಶೇಡು ಹುಡುಕುತ್ತೀರಲ್ಲ, ಬಿ ಕೋಶವೂ ಹಾಗೆಯೇ. ಬೆಳೆಯುವಾಗ ತನ್ನ ಹಿಡಿಯನ್ನು ಕೂದಲೆಳೆಯಷ್ಟು ಬದಲಿಸಿ ಬದಲಿಸಿ ನೋಡುತ್ತದೆ. ಇನ್ನೂ ಬಿಗಿಯಾಗಿ ಹಿಡಿದವು ಉಳಿಯುತ್ತವೆ, ಸಡಿಲವಾದವು ಸಾಯುತ್ತವೆ. ಮತ್ತೆ, ಅದು ತಾನಾಗಿಯೇ ದೊಡ್ಡ ಆರ್ಡರ್ ಹಾಕುವುದೂ ಅಪರೂಪ. ಟಿ ಕೋಶ ಎಂಬ ಇನ್ನೊಬ್ಬರು ನೋಡಿ ಹೌದು ಎನ್ನಬೇಕು.

ಇಂಜೆಕ್ಷನ್ ಬೆಂಗಳೂರಿನಲ್ಲೂ ಸುಲಭವಾಗಿಲ್ಲವಂತೆ. ಒಂದು ಕಡೆ ಇದೆ, ರಿಪೋರ್ಟ್ ನೋಡಿ ಹೇಳಿ ಎಂದಿದ್ದಾರೆ.

ರಾತ್ರಿ ನಾನು ಕೆಮ್ಮಿದರೂ ಕಿರಣ್ ಎದ್ದು ಕೂರುತ್ತಾರೆ. ನನಗೆ ಭಯವಾಗುತ್ತಿದೆ ಮಾವ. ಕೂಸು ಒದೆಯುತ್ತದೆ. ಒದ್ದಾಗಲೆಲ್ಲ ಅವ್ವ ನೆನಪಾಗುತ್ತಾಳೆ. ಇದ್ದಿದ್ದರೆ ಒಂದು ಮಾತು ಕೇಳಬಹುದಿತ್ತು.

ಸ್ನೇಹಾ


ಸಂದೇಶ, ಹರಿಹರ
17 ನವೆಂಬರ್, ಸೋಮವಾರ

ಮಾವ,

ರಿಪೋರ್ಟ್ ಬಂತು. ಪಾಸಿಟಿವ್. ಅಂದರೆ ಪ್ರತಿಕಾಯ ಇದೆ, ಅದೂ ಚೆನ್ನಾಗಿಯೇ. ಹಿಂದೆ ಯಾವಾಗಲೋ ನನಗೆ ಬಂದು ಹೋಗಿದೆ, ಇಂಜೆಕ್ಷನ್ ಬೇಡ, ಮನೆಗೆ ಹೋಗಿ ನಿದ್ದೆ ಮಾಡು ಎಂದರು ಡಾಕ್ಟರ್.

ನಿದ್ದೆ ಬರುತ್ತಿಲ್ಲ. ನನಗೆ ಯಾವಾಗ ಬಂದಿತ್ತು? ಬೇರೆ ಯಾರದೋ ರಕ್ತದ ಮೇಲೆ ನನ್ನ ಹೆಸರು ಅಂಟಿಸಿದ್ದರೆ? ಮತ್ತೆ ಪರೀಕ್ಷೆ ಮಾಡಿಸಿದರೆ ಹತ್ತೊಂಬತ್ತು ದಾಟಿಹೋಗುತ್ತದೆ. ಇಂಜೆಕ್ಷನ್ ಇಟ್ಟುಕೊಂಡವರು ನಾಳೆ ಸಂಜೆಯವರೆಗೆ ಕಾಯುತ್ತಾರೆ, ಆಮೇಲೆ ಬೇರೆಯವರಿಗೆ ಹೋಗುತ್ತದೆ.

ನನಗೆ ಬಂದಿರಲಿಲ್ಲ ಎಂಬುದು ನಿಜವಾಗಿಯೂ ಖಂಡಿತವೇ?

ಸ್ನೇಹಾ


ವಾಯ್ಸ್ ನೋಟ್, ದಾವಣಗೆರೆ
17 ನವೆಂಬರ್, ಸೋಮವಾರ ಮಧ್ಯಾಹ್ನ

ಖಂಡಿತ ಅಂದ್ರೆ ಖಂಡಿತ! ಲ್ಯಾಬಿನೋರು ತಪ್ಪು ಮಾಡ್ಯಾರ. ನಾನು ಸ್ಕೂಟರ್ ಮ್ಯಾಲೆ ತಂದಿದ್ದು ಸುಳ್ಳಾ? ನೀನು ದಾರಿಯುದ್ದಕ್ಕೂ ಹಾರ್ನ್ ಒತ್ಕೊಂಡು ಬಂದಿದ್ದು ಸುಳ್ಳಾ? ಇಂಜೆಕ್ಷನ್ ತಗೋ ಅಂತೀನಿ.

… ತಡಿ. ಆಶಾ ಏನೋ ಅಂತಾಳೆ. ಏನೇ? … ಕೇಳಿಸ್ತಾ? "ನಿಮ್ಮ ನೆಪ್ಪು ದೊಡ್ಡದೋ ಅವಳ ರಕ್ತ ದೊಡ್ಡದೋ" ಅಂತಾಳೆ. "ಮೊನ್ನೆ ಇಪ್ಪತ್ತೇಳನೇ ನಂಬರ್ ಶೇಡು ಮೂವತ್ತೇಳು ಅಂತ ವಾದ ಮಾಡಿದ್ರಿ" ಅಂತಾಳೆ.

ಆತು. ನಾಳೆ ಬೆಳಗ್ಗೆ ಆನಗೋಡಿಗೆ ಹೋಗ್ತೀನಿ. ಆ ಓಣ್ಯಾಗೆ ನಿಮ್ಮವ್ವನ ಕಾಲದೋರು ಯಾರಾದ್ರೂ ಇರ್ತಾರೆ. ನಾಳೆ ಸಂಜೆವರೆಗೆ ಇಂಜೆಕ್ಷನ್ ಬ್ಯಾಡ ಅನ್ನಬ್ಯಾಡ, ಬೇಕು ಅಂತಾನೂ ಅನ್ನಬ್ಯಾಡ.


ವಾಯ್ಸ್ ನೋಟ್, ಆನಗೋಡು
18 ನವೆಂಬರ್, ಮಂಗಳವಾರ ಮಧ್ಯಾಹ್ನ

ಸ್ನೇಹಾ, ಬಸ್‌ಸ್ಟ್ಯಾಂಡ್ ಕಟ್ಟೆ ಮ್ಯಾಲೆ ಕುಂತೀನಿ. ಸಾವಕಾಶ ಕೇಳು. ಮೊದಲು ಒಂದು ಕೆಲಸ ಮಾಡು. ನಿನ್ನ ಎಡಗಿವಿ ಹಿಂದೆ, ಕೂದಲು ಶುರು ಆಗೋ ಕಡೆ, ಒಂದು ಸಣ್ಣ ಗುಳಿ ಐತಾ ಅಂತ ಕಿರಣನ ಹತ್ರ ನೋಡಿಸು. ಯಾಕ ಅಂತ ಹೇಳ್ತೀನಿ.

ನಿಮ್ಮಪ್ಪ, ಲಿಂಗಣ್ಣ ಭಾವ, ಮೆಕ್ಕೆಜೋಳ ಒಣಗ್ಹಾಕ್ತಿದ್ರು. "ಅದೆಲ್ಲ ನಿಮ್ಮಕ್ಕಂಗೇ ಗೊತ್ತಪ್ಪ" ಅಂತ ನನಗೂ ಅದೇ ಹಾಡು. ಆಮ್ಯಾಲೆ ಏನೋ ಹೊಳೆದಂಗೆ, "ಪಕ್ಕದ ಸುಗ್ರಾಬಿನ ಕೇಳು, ಅವರಿಬ್ಬರದ್ದು ಒಂದೇ ಕೊಡ ಒಂದೇ ಹಗ್ಗ" ಅಂದ್ರು. ಹೋದೆ. ಅರವತ್ತು ದಾಟೈತೆ, ಬಾಗಿಲಾಗೆ ಕುಂತು ಶೇಂಗಾ ಸುಲೀತಿದ್ಲು.

"ಯಾರಪ್ಪ?"

"ಅಕ್ಕನಾಗಮ್ಮನ ತಮ್ಮ, ವಾಮದೇವಪ್ಪ."

"ಓ, ಮದುಮಗ!" ಅಂದ್ಲು. ಐವತ್ತು ವರ್ಷದ ನನಗೆ! "ಕೂಡು ಮದುಮಗ. ನಿನ್ನ ಮದುವಿ ಅರ್ಧ ನಮ್ಮನ್ಯಾಗೇ ಆಗೈತೆ, ನಿನಗೆ ಗೊತ್ತಿಲ್ಲ."

ಅವಳು ಹೇಳಿದ್ದು ಕೇಳು. ನನ್ನ ಮದುವೆಗೆ ಇನ್ನು ನಾಲ್ಕು ದಿನ. ಭಾವ ದಾವಣಗೆರ್‍ಯಾಗೆ ಚಪ್ಪರ ಹಾಕಿಸ್ತಿದ್ರು. ಎರಡೂವರೆ ವರ್ಷದ ನಿನ್ನ ಮೈಮ್ಯಾಲೆ ಬೊಬ್ಬೆ ಎದ್ವು. ಅಕ್ಕ ನಿನ್ನ ಎತ್ಕೊಂಡು ಹಿತ್ತಲಿಂದ ಓಡಿ ಬಂದ್ಲಂತೆ. "ಸುಗ್ರಾ, ಮನ್ಯಾಗೆ ಅಮ್ಮ ಇದ್ರೆ ನಾನು ಚಪ್ಪರ ಹೊಗಂಗಿಲ್ಲ. ನಾನು ಕಳಸ ಹಿಡೀದಿದ್ರೆ ನಮ್ಮ ವಾಮಿ ತಾಳಿ ಕಟ್ಟಲ್ಲ. ಮುಂದಕ್ಕೆ ಹಾಕಿದ್ರೆ ಹೆಣ್ಣಿನೋರು ಬಿಟ್ಟು ಹೋಗ್ತಾರೆ" ಅಂತ ಅತ್ಲಂತೆ. ನಿಜ ಸ್ನೇಹಾ, ಕಟ್ಟುತ್ತಿರಲಿಲ್ಲ ನಾನು.

ಸುಗ್ರಾಬಿ ಏನಂದ್ಲು ಗೊತ್ತಾ? "ಕೂಸು ನನ್ನ ತೊಡಿ ಮ್ಯಾಲೆ ಹಾಕು. ಅಮ್ಮ ನಮ್ಮನಿಗೆ ಬಂದಾಳೆ, ನಿಮ್ಮನಿಗಲ್ಲ. ನನಗೆ ಸಣ್ಣೋಳಿದ್ದಾಗ ಬಂದು ಹೋಗೈತೆ, ಮತ್ತ ಬರಲ್ಲ. ನೀನು ಹೋಗಿ ತಮ್ಮನ ಮದುವಿ ಮಾಡ್ಕೊಂಡು ಬಾ."

ಒಂಬತ್ತು ದಿನ ಅವಳ ಮನ್ಯಾಗಿದ್ದೆ ನೀನು. ಕೇಳಿದೋರಿಗೆ, ಭಾವಂಗೂ, ಆಟಕ್ಕೆ ಹೋಗಿ ಅಲ್ಲೇ ಹೊಂದ್ಕೊಂಡಾಳೆ ಅಂದಿದ್ಲಂತೆ ಅಕ್ಕ. ಅವಳ ಮಗ ಜಾಫರ್‌ಗೂ ಅಂಟಿತು. ಎರಡೂ ಕೂಸು ಒಂದೇ ಕೌದಿ ಮ್ಯಾಲೆ. ಬೇವಿನ ನೀರಿನಾಗೆ ಬೊಬ್ಬೆ ಒತ್ತಿ ಒರೆಸೋಕೆ ಮೆತ್ತನೆ ಬಟ್ಟೆ ಬೇಕಿತ್ತು. ಅಕ್ಕ ಟ್ರಂಕಿನಿಂದ ಒಂದು ಹೊಸ ಜಂಪರ್ ಪೀಸ್ ತಂದು ಕತ್ತರಿಸಿ ಕೊಟ್ಲಂತೆ. ಯಾವ ಬಣ್ಣ ಅಂತ ಕೇಳ್ದೆ. "ಬದನಿಕಾಯಿ ಬಣ್ಣ. ರುಬಿಯಾ. ಕತ್ತರಿ ಹಾಕ್ವಾಗ ನಿಮ್ಮಕ್ಕ ಅತ್ಲು. ಸೀರಿಗೆ ಎಷ್ಟು ಹೊಂದೈತೆ ನೋಡು ಸುಗ್ರಾ, ನನ್ನ ತಮ್ಮನ ಕಣ್ಣು ಎಂಥಾದ್ದು ನೋಡು ಅಂತ."

ಹೊಂದಿತ್ತು ಸ್ನೇಹಾ.

ಉಣ್ಣದೆ ಯಾಕ ಎದ್ದು ಹೋದ್ಲು ಅಂದ್ರೆ, ಅಮ್ಮ ಬಂದ ಕೂಸಿನ ತಾಯಿ ಕರಿದಿದ್ದು ಒಗ್ಗರಣೆದು ಮುಟ್ಟಂಗಿಲ್ಲ. ಆ ನೇಮ ಒಂದು ಮುರೀಲಿಲ್ಲ. ಸಂಜೆ ಬಂದು ನಿನ್ನ ತೊಡಿ ಮ್ಯಾಲೆ ಹಾಕ್ಕೊಂಡು ನನ್ನ ಮದುವೆ ಪೂರಾ ಸುಗ್ರಾಬಿಗೆ ಹೇಳಿದ್ಲಂತೆ, ಪೇಟದ ಬಣ್ಣ ಸಮೇತ.

ಆಮ್ಯಾಲೆ ಯಾಕ ಹೇಳಲಿಲ್ಲ ಅಂತ ಕೇಳ್ದೆ. "ನಿನಗೆ ಆರು ವರ್ಷ ಮಕ್ಕಳಾಗಲಿಲ್ಲಲ್ಲಪ್ಪ. ಈಗ ಹೇಳಿದ್ರೆ ನಾನು ಮುಚ್ಚಿಟ್ಟಿದ್ದಕ್ಕೇ ಅಂತಾರೆ ಅಂತ ಹೆದರಿದ್ಲು. ದಾಕ್ಷಾಯಿಣಿ ಹುಟ್ಟಿದ ಸುದ್ದಿ ಬಂದಾಗ ನನ್ನ ಕೈ ಹಿಡ್ಕೊಂಡು ಕುಣಿದಾಳೆ." ಆಮ್ಯಾಲೆ ಸೆರಗು ಬಾಯಿಗೆ ಒತ್ಕೊಂಡು ನಗಾಕೆ ಶುರು ಮಾಡಿದ್ಲು. "ಮರುವರ್ಷ ನೀನು ಸ್ಕೂಟರ್ ತಂದ್ಯಲ್ಲ, ಕೂಸಿನ ಕಾಪಾಡ್ತೀನಿ ಅಂತ! ಬ್ಯಾಡ ಅಂದ್ರೆ ಯಾಕ ಅಂತೀಯ. ನಾವಿಬ್ಬರೂ ಬಾಗಿಲ ಹಿಂದೆ ನಿಂತು ನಕ್ಕಿದ್ದೇ ನಕ್ಕಿದ್ದು."

ಕಿವಿ ಹಿಂದಿನ ಗುಳಿ ಅವಳೇ ಹೇಳಿದ್ದು. ಅದೊಂದನ್ನ ಮಾತ್ರ ನೀನು ಕೆರ್ಕೊಂಡೆ ಅಂತೆ, ಅವಳು ನಮಾಜಿಗೆ ಎದ್ದಾಗ. ಇವತ್ತಿಗೂ ಅದಕ್ಕೆ ಪಶ್ಚಾತ್ತಾಪ ಪಡ್ತಾಳೆ. ನೋಡಿಸಿದ್ಯಾ? ಬೇಗ ಹೇಳು.


ಸಂದೇಶ, ಹರಿಹರ
18 ನವೆಂಬರ್, ಮಂಗಳವಾರ ಮಧ್ಯಾಹ್ನ

ಇದೆ ಮಾವ. ಕಿರಣ್ ಬೆರಳಿಟ್ಟು ತೋರಿಸಿದರು. ಸಾಸಿವೆ ಕಾಳಿನಷ್ಟು. ಇಪ್ಪತ್ತೈದು ವರ್ಷ ನನ್ನ ಕಿವಿಯ ಹಿಂದೆ ಇದ್ದದ್ದು ನನಗೇ ಗೊತ್ತಿರಲಿಲ್ಲ.

ಇಂಜೆಕ್ಷನ್ ಬೇಡ ಎಂದು ಹೇಳಿಬಿಟ್ಟೆ. ಅದು ಬೇರೆ ಯಾರಿಗೋ ಬೇಕಾಗಿರುತ್ತದೆ.

ಯೋಚಿಸುತ್ತಿದ್ದೇನೆ. ಅವ್ವ ಹೇಳಲಿಲ್ಲ. ಅಪ್ಪನಿಗೆ ಗೊತ್ತಾಗಲಿಲ್ಲ. ನೀವು ತಪ್ಪು ತಿಳಿದಿರಿ. ನಾನು ಮರೆತೆ. ಆ ಒಂಬತ್ತು ದಿನಗಳಲ್ಲಿ ಹುಟ್ಟಿದ ಕೋಶಗಳ ಸಂತತಿ ಮಾತ್ರ ಮಜ್ಜೆಯಲ್ಲಿ ಕೂತು, ಯಾರೂ ಕೇಳದಿದ್ದರೂ, ಇಪ್ಪತ್ತೈದು ವರ್ಷ ಅದೇ ಆಕಾರವನ್ನು ಮಾಡುತ್ತಲೇ ಇತ್ತು. ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದಂತೆ ಆ ಪ್ರತಿಕಾಯದ ಚಿತ್ರ ಬರೆದಿದ್ದೇನೆ. ಇಷ್ಟು ನಂಬಿಗಸ್ತ ಎಂದು ಗೊತ್ತಿರಲಿಲ್ಲ.

ಇವತ್ತು ನಿದ್ದೆ ಮಾಡುತ್ತೇನೆ. ನೀವು ಅಳಬೇಡಿ. ಅತ್ತಿದ್ದು ರೆಕಾರ್ಡಿಂಗ್‌ನಲ್ಲಿ ಕೇಳಿಸಿತು.

ಸ್ನೇಹಾ


ವಾಯ್ಸ್ ನೋಟ್, ಹರಿಹರ
29 ಜನವರಿ 2026, ಗುರುವಾರ

ಸ್ನೇಹಾ, ಆಸ್ಪತ್ರೆ ಕೆಳಗೇ ಅದೀನಿ. ಸಂಜೆ ನಾಲ್ಕಕ್ಕೇ ಬಿಡೋದು ಅಂತಾರೆ ವಾಚ್‌ಮನ್, ಅಲ್ಲೀವರೆಗೆ ಬಾಯಿ ಸುಮ್ಮನಿರಲ್ಲ. ದಾಕ್ಷಿ ಬಂದಾಳೆ, ಕಲೆ ಎಲ್ಲಾ ಮಾಸ್ಯಾವೆ. ಆಶಾ ಬಂದಾಳೆ, ಕಾಯಿ ಕೊಬ್ರಿ ಹಿಡ್ಕೊಂಡು.

ಹೆಣ್ಣು ಕೂಸು ಅಂದಾಗ ಅಂಗಡ್ಯಾಗೆ ಎಲ್ಲರಿಗೂ ಸಕ್ಕರೆ ಹಂಚಿದೆ. ಕೊನೆ ಎರಡು ತಿಂಗಳು ತಾಯಿ ತನ್ನ ಪ್ರತಿಕಾಯ ಕರುಳಬಳ್ಳಿ ದಾಟಿಸಿ ಕೂಸಿಗೆ ತುಂಬಿ ಕಳಿಸ್ತಾಳೆ ಅಂತ ಬರೆದಿದ್ಯಲ್ಲ, ಗಿರಾಕಿಗಳಿಗೆ ಅದೇ ಹೇಳ್ತಿದ್ದೆ. ಕೂಸಿಗೆ ಇನ್ನೂ ಸ್ವಂತ ಅಂಗಡಿ ಕುದುರಿಲ್ಲ, ಅಲ್ಲೀವರೆಗೆ ಅವ್ವನ ಬಟ್ಟೆ. ಆರು ತಿಂಗಳಿಗೆ ಸವೆದು ಹೋಗುತ್ತೆ, ಆಮ್ಯಾಲೆ ತನ್ನ ಶೇಡು ತಾನೇ ಹುಡುಕ್ಕೋಬೇಕು. ಹೌದಲ್ಲ? ಆನಗೋಡಿನ ಆ ಒಂಬತ್ತು ದಿನ ನಿನ್ನೊಳಗಿಂದ ಈ ಕೂಸಿನ ಮೈಗೂ ಬಂತು. ಅಕ್ಕ ಮುಚ್ಚಿಟ್ಟಿದ್ದು ಮೊಮ್ಮಗಳಿಗೆ ಮುಟ್ಟಿತು.

ಕೂಸಿಗೆ ಸುತ್ತಾಕೆ ಬಟ್ಟೆ ತಂದೀನಿ. ಹೊಸದು ಚುಚ್ಚುತ್ತೆ ಅಂತ ನಾಲ್ಕು ಸಲ ಒಗೆದು ನೆಳ್ಳಾಗೆ ಒಣಗಿಸೀನಿ. ನನ್ನ ಮದುವ್ಯಾಗೆ ಅಕ್ಕ ಉಟ್ಟಿದ್ದ ಆ ಸೀರೆ ಭಾವನ ಟ್ರಂಕಿನಾಗೆ ಇತ್ತು, ಇಸ್ಕೊಂಡು ಬಂದು ಬಾಗಿಲ ಬೆಳಕಿಗೆ ಹಿಡಿದು ಹೊಂದಿಸ್ದೆ. ಆ ಬದನೆಕಾಯಿ ಶೇಡು ನನ್ನ ಮ್ಯಾಲಿನ ಶೆಲ್ಫ್‌ನಾಗೆ ಮೊದಲ ದಿನದಿಂದ ಐತೆ. ಯಾರೂ ಕೇಳಿರಲಿಲ್ಲ.

ನನ್ನ ಪಕ್ಕದಾಗೆ ಒಬ್ಬರು ಕುಂತಾರೆ. ಜಾಫರ್ ಗಾಡ್ಯಾಗೆ ಕರ್ಕೊಂಡು ಬಂದ. ಕತ್ತರಿ ಅವರ ಕೈಯಾಗೇ ಕೊಟ್ಟೀನಿ. ಸುಗ್ರಕ್ಕ, ಇಲ್ಲಿ ನೋಡ್ರಿ, ಇದರಾಗೆ ಮಾತಾಡ್ರಿ, ಅವಳಿಗೆ ಕೇಳಿಸುತ್ತೆ.

"… ಏನು ಮಾತಾಡ್ಲಿ ಇದಕ್ಕ? ಕೂಸು ಮಲಗೈತೇನವ್ವ? ಮದುಮಗ ಬಟ್ಟಿ ತಂದಾನ. ಅವತ್ತು ನಿಮ್ಮವ್ವ ಅಳ್ತಾ ಕತ್ತರಿಸಿದ್ಲು, ಈ ಸಲ ನಾನು ನಗ್ತಾ ಕತ್ತರಿಸ್ತೀನಿ."